ಪಂದ್ಯದ ದಿನ ರಸ್ತೆ ಎಷ್ಟು ಮುಚ್ಚಬೇಕು? ಹಾಸನದಂಥ ಊರಿಗೆ ಯಾವ ವ್ಯವಸ್ಥೆ ಸರಿ

ಹೊನಲು ಬೆಳಕಿನ ಕಬಡ್ಡಿ ಇರಲಿ, ಟೆನಿಸ್ ಬಾಲ್ ಕ್ರಿಕೆಟ್ ಫೈನಲ್ ಇರಲಿ, ಸಂಘಟಕರ ಮೀಟಿಂಗ್‌ನಲ್ಲಿ ಮೊದಲು ಬರುವ ಮಾತು ಬಹುಮಾನದ್ದು. ಆಮೇಲೆ ಗ್ಯಾಲರಿ, ಲೈಟು, ಊಟ, ಅತಿಥಿಗಳು. ವಾಹನದ ವಿಚಾರ ಬರುವ ಹೊತ್ತಿಗೆ ಎಲ್ಲರೂ ಎದ್ದು ಹೊರಡುತ್ತಿರುತ್ತಾರೆ. 'ಸ್ಟೇಷನ್‌ಗೆ ಒಂದು ಲೆಟರ್ ಕೊಟ್ಟರಾಯ್ತು, ಅವರು ನೋಡ್ಕೋತಾರೆ' ಅಂತ ಮುಗಿಸಿಬಿಡುತ್ತಾರೆ. ಪಂದ್ಯದ ದಿನ ಮೈದಾನದ ಸುತ್ತ ಎರಡೂ ಕಡೆ ಬೈಕು, ಕಾರು ನಿಂತು, ನಡುವೆ ಒಂದು ಆಟೋ ಸಿಕ್ಕಿಕೊಂಡು, ಅದರ ಹಿಂದೆ ಆಂಬುಲೆನ್ಸ್ ಹಾರ್ನ್ ಹೊಡೆಯುತ್ತಾ ನಿಂತಿರುವುದನ್ನು ಹಾಸನದಲ್ಲೂ ಚಿಕ್ಕಮಗಳೂರಲ್ಲೂ ನೋಡದವರು ಕಡಿಮೆ.

ವಾಹನ ತಡೆಯಲು ದಾರಿಗಳು ಬೇಕಾದಷ್ಟಿವೆ. ನೋ ಪಾರ್ಕಿಂಗ್, ಒನ್ ವೇ, ಪೂರ್ತಿ ಬಂದ್, ಪಾಸ್, ಊರಾಚೆ ಪಾರ್ಕಿಂಗ್ ಮಾಡಿಸಿ ಬಸ್ ಬಿಡೋದು. ಯಾವುದೂ ತಾನಾಗಿ ಒಳ್ಳೆಯದಲ್ಲ, ಕೆಟ್ಟದ್ದೂ ಅಲ್ಲ. ಕೊನೆಯ ಪ್ರೇಕ್ಷಕ ಮನೆ ಕಡೆ ಹೊರಡುವ ತನಕ ಕಾಯಲು ನಿಮ್ಮ ಹತ್ತಿರ ಜನ ಎಷ್ಟಿದ್ದಾರೋ ಅಷ್ಟೇ ರಸ್ತೆ ಮುಚ್ಚಿ. ನಾನು ಹೇಳಬೇಕಾದ ಮುಖ್ಯ ಮಾತು ಇದು. ಯಾರೂ ಕಾಯದ ಬ್ಯಾರಿಕೇಡನ್ನು ಅರ್ಧ ಗಂಟೆಯಲ್ಲಿ ಯಾರೋ ಒಬ್ಬರು ಪಕ್ಕಕ್ಕೆ ಸರಿಸಿ ಗಾಡಿ ತರುತ್ತಾರೆ. ಅವರ ಹಿಂದೆ ಹತ್ತು ಗಾಡಿ ಬರುತ್ತವೆ. ಅಷ್ಟು ಹೊತ್ತಿಗೆ ಜನ 'ಈ ರಸ್ತೆ ಬಂದ್ ಆಗಿದೆ, ಗಾಡಿ ಬರಲ್ಲ' ಅಂತ ನಂಬಿ ಮಕ್ಕಳ ಕೈ ಬಿಟ್ಟು ನಡೆಯುತ್ತಿರುತ್ತಾರೆ. ಮುಚ್ಚದ ರಸ್ತೆಗಿಂತ ಅರ್ಧ ಮುಚ್ಚಿದ ರಸ್ತೆ ಜಾಸ್ತಿ ಅಪಾಯ.

ಲೆಕ್ಕ ಮೊದಲು, ಬೋರ್ಡು ಆಮೇಲೆ

ಬರುವ ಜನರ ಲೆಕ್ಕ ಎಲ್ಲರೂ ಹಾಕುತ್ತಾರೆ, ಹೋಗುವ ಜನರದ್ದು ಹಾಕುವುದಿಲ್ಲ. ಬರುವಾಗ ಜನ ಎರಡು ಮೂರು ಗಂಟೆ ಹರಡಿಕೊಂಡು ಬರುತ್ತಾರೆ. ಲೀಗ್ ಮ್ಯಾಚಿಗೆ ನೂರು, ಸೆಮಿಫೈನಲ್‌ಗೆ ಸಾವಿರ, ಹೀಗೆ. ಕೊನೆಯ ರೈಡ್ ಮುಗಿದ ಕ್ಷಣ ಎಲ್ಲರೂ ಒಟ್ಟಿಗೆ ಏಳುತ್ತಾರೆ. ವ್ಯವಸ್ಥೆ ಆ ಹದಿನೈದು ಇಪ್ಪತ್ತು ನಿಮಿಷಕ್ಕೆ ಇರಬೇಕು.

ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತೆಯಲ್ಲಿ ಒಂದು ಲೆಕ್ಕ ಬಳಸುತ್ತಾರೆ. ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ಒಂದು ನಿಮಿಷಕ್ಕೆ ಹೆಚ್ಚೆಂದರೆ 82 ಜನ ಸುರಕ್ಷಿತವಾಗಿ ದಾಟಬಹುದು. ಮೆಟ್ಟಿಲಿದ್ದರೆ 66. ಇದನ್ನು ನಮ್ಮ ರಸ್ತೆಗೆ ಹಾಕಿ ನೋಡಿ. ಮೈದಾನದ ಗೇಟಿನ ಮುಂದೆ 6 ಮೀಟರ್ ಅಗಲದ ರಸ್ತೆ ಇದೆ ಅಂದುಕೊಳ್ಳಿ. ಖಾಲಿ ಇದ್ದರೆ ನಿಮಿಷಕ್ಕೆ ಸುಮಾರು 490 ಜನ, ಅಂದರೆ 5,000 ಜನ ಹತ್ತು ನಿಮಿಷ ಚಿಲ್ಲರೆಯಲ್ಲಿ ಹೊರಗೆ. ಅದೇ ರಸ್ತೆಯ ಎರಡೂ ಬದಿ ಕಾರು ನಿಲ್ಲಿಸಿದರೆ ಒಂದೊಂದು ಸಾಲು ಎರಡೆರಡು ಮೀಟರ್ ತಿನ್ನುತ್ತದೆ. ಉಳಿಯುವುದು 2 ಮೀಟರ್. ಈಗ ನಿಮಿಷಕ್ಕೆ 164 ಜನ ಮಾತ್ರ, ಅದೇ 5,000 ಜನಕ್ಕೆ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಹಿಂದಿನವರು ಮುಂದಿನವರನ್ನು ತಳ್ಳುತ್ತಿರುತ್ತಾರೆ, ನಡುವೆ ಅದೇ ಕಾರುಗಳು ರಿವರ್ಸ್ ತೆಗೆಯಲು ಶುರು ಮಾಡಿರುತ್ತವೆ.

ಇದನ್ನು ಹೇಳುವಾಗ ಇನ್ನೊಂದು ಮಾತನ್ನೂ ಹೇಳಲೇಬೇಕು. ರಸ್ತೆಯಲ್ಲಿ ವಾಹನ ಇಲ್ಲ ಅಂದ ಮಾತ್ರಕ್ಕೆ ಜನ ಸುರಕ್ಷಿತ ಅಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಅಲ್ಲಿ ಜೀವ ತೆಗೆದದ್ದು ವಾಹನ ಅಲ್ಲ, ಗೇಟಿನ ಹತ್ತಿರ ಸೇರಿದ ಮಿತಿ ಮೀರಿದ ಜನ. ಆದ್ದರಿಂದ ವಾಹನ ತಡೆಯುವ ಯೋಜನೆ ಮಾಡುವವರೇ ಗೇಟು ಎಷ್ಟು, ಯಾವ ಗೇಟಿಗೆ ಯಾವ ಕಡೆಯಿಂದ ಜನ, ಒಳಗೆ ಜಾಗ ಮುಗಿದರೆ ಹೊರಗಿನವರಿಗೆ ಯಾರು ಹೇಳುತ್ತಾರೆ ಅನ್ನುವುದನ್ನೂ ಅದೇ ಕಾಗದದಲ್ಲಿ ಬರೆಯಬೇಕು. ಬೇರೆ ಬೇರೆ ಕಮಿಟಿಗೆ ಕೊಡಬೇಡಿ.

ಬರೀ ನೋ ಪಾರ್ಕಿಂಗ್ ಸಾಕಾ?

ಸಾವಿರ ಜನದ ಒಳಗಿನ ಪಂದ್ಯಕ್ಕೆ ಸಾಕು. ಖರ್ಚು ಕಡಿಮೆ, ಅಕ್ಕಪಕ್ಕದ ಅಂಗಡಿಯವರಿಗೆ ತೊಂದರೆ ಕಡಿಮೆ, ಬಸ್ಸು ಆಟೋ ಓಡುತ್ತಾ ಇರುತ್ತವೆ. ಬೆಂಗಳೂರಿನಲ್ಲಿ ಐಪಿಎಲ್ ಪಂದ್ಯದ ದಿನ ಕ್ವೀನ್ಸ್ ರಸ್ತೆ, ಎಂ.ಜಿ. ರಸ್ತೆ, ಕಬ್ಬನ್ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಯಂಥ ಕಡೆ ಸಂಚಾರ ಪೊಲೀಸರು ಪಾರ್ಕಿಂಗ್ ನಿಷೇಧಿಸುತ್ತಾರೆ. ಅಲ್ಲಿ ಅದು ನಡೆಯುವುದು ಮೆಟ್ರೋ ಇರುವುದರಿಂದ. ಕಬ್ಬನ್ ಪಾರ್ಕ್, ಎಂ.ಜಿ. ರೋಡ್ ಸ್ಟೇಷನ್ ನಡೆಯುವಷ್ಟು ಹತ್ತಿರ, ಪಂದ್ಯದ ರಾತ್ರಿ ರೈಲಿನ ಸಮಯವನ್ನೂ ಮುಂದಕ್ಕೆ ಹಾಕುತ್ತಾರೆ.

ನಮ್ಮ ಊರಿನಲ್ಲಿ ಮೆಟ್ರೋ ಇಲ್ಲ. 'ಇಲ್ಲಿ ನಿಲ್ಲಿಸಬೇಡಿ' ಅಂದರೆ 'ಮತ್ತೆ ಎಲ್ಲಿ?' ಅಂತ ಕೇಳೇ ಕೇಳುತ್ತಾರೆ. ಅದಕ್ಕೆ ಉತ್ತರ ಇಲ್ಲದೆ ಬೋರ್ಡು ಹಾಕಿದರೆ ಗಾಡಿಗಳು ಪಕ್ಕದ ಕ್ರಾಸ್‌ಗೆ ಹೋಗಿ ಯಾರದೋ ಮನೆ ಗೇಟಿನ ಮುಂದೆ ನಿಲ್ಲುತ್ತವೆ. ತೊಂದರೆ ಹೋಗಲಿಲ್ಲ, ವಿಳಾಸ ಬದಲಾಯಿತು ಅಷ್ಟೆ. ಹಾಗಾಗಿ ನೋ ಪಾರ್ಕಿಂಗ್ ಬೋರ್ಡಿನಲ್ಲೇ ಪಾರ್ಕಿಂಗ್ ಎಲ್ಲಿದೆ ಅಂತ ಬಾಣದ ಗುರುತು ಇರಲಿ. ಎಷ್ಟು ಜಾಗ ಬೇಕು ಅನ್ನುವುದು ಸುಲಭದ ಲೆಕ್ಕ. ಓಡಾಡುವ ದಾರಿ ಸೇರಿ ಒಂದು ಕಾರಿಗೆ ಸುಮಾರು 25 ಚದರ ಮೀಟರ್ ಹಿಡಿದರೆ ಒಂದು ಗುಂಟೆಗೆ ನಾಲ್ಕು ಕಾರು, ಎಕರೆಗೆ ನೂರೈವತ್ತರ ಆಸುಪಾಸು. ಬೈಕಿಗೆ 3 ಚದರ ಮೀಟರ್ ಹಿಡಿದರೆ ಗುಂಟೆಗೆ ಮೂವತ್ತು ಚಿಲ್ಲರೆ. ನಮ್ಮ ಕಡೆ ಪಂದ್ಯಕ್ಕೆ ಬರುವವರು ಬೈಕಿನಲ್ಲೇ ಜಾಸ್ತಿ. ಬೈಕಿಗೂ ಕಾರಿಗೂ ಬೇರೆ ಜಾಗ, ಬೇರೆ ಬಾಗಿಲು ಮಾಡಿದರೆ ಅರ್ಧ ಗಲಾಟೆ ಅಲ್ಲೇ ಕಡಿಮೆ ಆಗುತ್ತದೆ. ಕಾಲೇಜು ಮೈದಾನ, ಕಲ್ಯಾಣ ಮಂಟಪದ ಅಂಗಳ, ಖಾಲಿ ಬಡಾವಣೆ ಸೈಟು, ಇವೆಲ್ಲ ಕೇಳಿದರೆ ಸಿಗುತ್ತವೆ. ಆದರೆ ಮಾಲೀಕರಿಂದ ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳಿ. ಮಳೆ ಬಂದರೆ ಕೆಸರಾಗುವ ಜಾಗವನ್ನು ಕಾರಿಗೆ ಕೊಡಬೇಡಿ. ಒಂದು ಕಾರು ಹೂತುಕೊಂಡರೆ ಹಿಂದಿನವರೆಲ್ಲ ರಸ್ತೆಯಲ್ಲೇ ನಿಲ್ಲುತ್ತಾರೆ.

ಒನ್ ವೇ, ಡೈವರ್ಷನ್

ಮೈಸೂರು ದಸರಾದಲ್ಲಿ ಅರಮನೆ ಸುತ್ತಲಿನ ರಸ್ತೆಗಳನ್ನು ಒನ್ ವೇ ಮಾಡುತ್ತಾರೆ. ಅಗಲ ಕಡಿಮೆ ಇರುವ, ಆದರೆ ಸುತ್ತು ಹೊಡೆಯಲು ದಾರಿ ಇರುವ ಊರಿಗೆ ಇದು ಒಳ್ಳೆಯ ಉಪಾಯ. ಎದುರುಬದುರು ಬರುವ ಗಾಡಿ ಇಲ್ಲದಿದ್ದರೆ ರಸ್ತೆಯ ಒಂದು ಬದಿಯನ್ನು ನಡೆಯುವವರಿಗೆ ಬಿಡಬಹುದು.

ಹಾಸನಕ್ಕೆ ಇದರಲ್ಲಿ ನಿಜವಾಗಿ ಉಪಯೋಗ ಆಗುವುದು ಲಾರಿಗಳ ವಿಷಯದಲ್ಲಿ. ಬೆಂಗಳೂರು–ಮಂಗಳೂರು ಹೆದ್ದಾರಿಗೆ ಬೈಪಾಸ್ ಇದೆ. ಪಂದ್ಯದ ಸಂಜೆ ಊರೊಳಗೆ ಕೆಲಸ ಇಲ್ಲದ ಭಾರಿ ವಾಹನ ಬಿ.ಎಂ. ರಸ್ತೆಗೆ ಬರುವ ಅಗತ್ಯವೇ ಇಲ್ಲ. ಅದನ್ನು ಊರಿನ ಹೊರಗೇ, ಬೈಪಾಸ್ ಕೂಡುವ ಜಾಗದಲ್ಲೇ ತಿರುಗಿಸಬೇಕು. ಎನ್.ಆರ್. ಸರ್ಕಲ್ ತನಕ ಬಿಟ್ಟು ಅಲ್ಲಿ ತಿರುಗಿಸಲು ಹೋದರೆ ಹದಿನಾರು ಚಕ್ರದ ಲಾರಿ ಸರ್ಕಲ್‌ನಲ್ಲಿ ರಿವರ್ಸ್ ತೆಗೆಯುವುದನ್ನು ಇಡೀ ಊರು ನಿಂತು ನೋಡಬೇಕಾಗುತ್ತದೆ. ಡೈವರ್ಷನ್ ಯಾವಾಗಲೂ ಚಾಲಕನಿಗೆ ಬೇರೆ ದಾರಿ ಹಿಡಿಯಲು ಅವಕಾಶ ಇರುವ ಕೊನೆಯ ಜಾಗಕ್ಕಿಂತ ಮೊದಲೇ ಇರಬೇಕು. ಒಂದು ಕಡೆ ಅಲ್ಲ, ಎರಡು ಕಡೆ ಬೋರ್ಡು ಇರಬೇಕು. ಮೊದಲನೆಯದು ಎಚ್ಚರಿಸಲು, ಎರಡನೆಯದು ತಿರುಗಿಸಲು.

ಸಾರಿಗೆ ಬಸ್ಸಿನ ಮಾರ್ಗ ಬದಲಿಸುವಾಗ ಡಿಪೋದವರಿಗೆ ಮೊದಲೇ ಹೇಳದೇ ಇದ್ದರೆ ಪಾಪ, ಸ್ಟಾಪಿನಲ್ಲಿ ನಿಂತ ಅಜ್ಜಿಗೆ ಬಸ್ಸು ಬರುವುದಿಲ್ಲ ಅಂತ ಹೇಳುವವರು ಯಾರೂ ಇರುವುದಿಲ್ಲ. ಪಂದ್ಯ ನಮಗೆ ಹಬ್ಬ ಇರಬಹುದು, ಆಲೂರಿಗೆ ಹೋಗಬೇಕಾದವರಿಗೆ ಅದು ಬರೀ ತಪ್ಪಿದ ಬಸ್ಸು.

ಪೂರ್ತಿ ಬಂದ್: ಎಲ್ಲಿ, ಎಷ್ಟು, ಹೇಗೆ

ಎರಡು ಮೂರು ಸಾವಿರಕ್ಕಿಂತ ಜಾಸ್ತಿ ಜನ ಒಟ್ಟಿಗೆ ಹೊರಬರುವ ಪಂದ್ಯಕ್ಕೆ ಗೇಟಿನಿಂದ ಇನ್ನೂರು ಮುನ್ನೂರು ಮೀಟರ್ ಪೂರ್ತಿ ಬಂದ್ ಮಾಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಅದಕ್ಕಿಂತ ಜಾಸ್ತಿ ಮುಚ್ಚುವುದು ಹೆಚ್ಚಿನ ಸಲ ಬೇಡ. ಇಡೀ ಬಡಾವಣೆ ಮುಚ್ಚಿದರೆ ಕಾಯಬೇಕಾದ ಬಾಯಿಗಳು ಹೆಚ್ಚುತ್ತವೆ. ಮೂರು ಜಂಕ್ಷನ್ ಇದ್ದದ್ದು ಹದಿನಾಲ್ಕು ಆಗುತ್ತದೆ, ಹದಿನಾಲ್ಕು ಕಡೆಗೂ ಮಧ್ಯರಾತ್ರಿ ತನಕ ಇಬ್ಬಿಬ್ಬರು ಬೇಕು. ನಿಮ್ಮ ಹತ್ತಿರ ಅಷ್ಟು ಜನ ಇದ್ದಾರಾ? ಇದ್ದರೂ ಫೈನಲ್ ಶುರುವಾದ ಮೇಲೆ ಅವರು ಬ್ಯಾರಿಕೇಡ್ ಹತ್ತಿರವೇ ನಿಂತಿರುತ್ತಾರಾ? ಆಟ ನೋಡಲು ಆಸೆ ಇಲ್ಲದವರನ್ನೇ, ಅಥವಾ ಆಟಕ್ಕೆ ಸಂಬಂಧ ಇಲ್ಲದೆ ಕೂಲಿ ತಗೊಂಡು ನಿಲ್ಲುವವರನ್ನೇ ಅಲ್ಲಿ ಹಾಕಿ. ಕ್ಲಬ್ಬಿನ ಹುಡುಗರನ್ನು ಹಾಕಿದರೆ ಕೊನೆಯ ಐದು ನಿಮಿಷ ಅವರೆಲ್ಲ ಕೋರ್ಟಿನ ಪಕ್ಕ ಇರುತ್ತಾರೆ, ಅದು ಅವರ ತಪ್ಪೂ ಅಲ್ಲ.

ಸಂಘಟಕರು ತಾವಾಗಿಯೇ ರಸ್ತೆ ಮುಚ್ಚುವ ಹಾಗಿಲ್ಲ. ವಾಹನ ಸಂಚಾರ ನಿರ್ಬಂಧಿಸುವ ಅಧಿಕಾರ ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 115ರಲ್ಲಿದೆ, ನಮ್ಮ ಕಡೆ ಅದರಡಿ ಜಿಲ್ಲಾಡಳಿತ ಆದೇಶ ಹೊರಡಿಸುತ್ತದೆ. ಒಂದು ತಿಂಗಳಿಗಿಂತ ಜಾಸ್ತಿ ಇಲ್ಲದ ನಿರ್ಬಂಧಕ್ಕೆ ರಾಜ್ಯಪತ್ರದಲ್ಲಿ ಪ್ರಕಟಿಸಬೇಕಾಗಿಲ್ಲ, ಆದರೆ ಸ್ಥಳೀಯವಾಗಿ ತಕ್ಕಷ್ಟು ಪ್ರಚಾರ ಕೊಡಲೇಬೇಕು ಅಂತ ಅದೇ ಸೆಕ್ಷನ್ ಹೇಳುತ್ತದೆ. ಎಷ್ಟೋ ಕಡೆ ಆದೇಶ ಫೈಲಿನಲ್ಲೇ ಇರುತ್ತದೆ, ಬೀದಿಯವರಿಗೆ ಗೊತ್ತಾಗುವುದು ಬ್ಯಾರಿಕೇಡ್ ಬಂದ ಮೇಲೆ. ಆದೇಶ ತಂದುಕೊಟ್ಟವರೇ ಪ್ರಚಾರದ ಹೊಣೆಯನ್ನೂ ಹೊರಬೇಕು.

ಇನ್ನು ತಡೆ ಎಂಥದ್ದಿರಬೇಕು ಅನ್ನುವುದು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಜಿಲ್ಲೆಗೆ ಇದು ದೂರದ ಮಾತಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಹಾಸನ ತಾಲ್ಲೂಕಿನ ಮೊಸಳೆಹೊಸಹಳ್ಳಿಯಲ್ಲಿ ಗಣಪತಿ ಮೆರವಣಿಗೆಯ ಮೇಲೆ ಲಾರಿ ನುಗ್ಗಿ ಓದುವ ವಯಸ್ಸಿನ ಹುಡುಗರನ್ನು ಕಳೆದುಕೊಂಡೆವು. ಅದು ಕ್ರೀಡೆ ಅಲ್ಲ, ಆದರೆ ಜನ ತುಂಬಿದ ರಸ್ತೆ ಮತ್ತು ಓಡುವ ಭಾರಿ ವಾಹನ ಒಂದೇ ಜಾಗದಲ್ಲಿದ್ದರೆ ಏನಾಗುತ್ತದೆ ಅಂತ ತಿಳಿಯಲು ನಮಗೆ ಬೇರೆ ದೇಶದ ಉದಾಹರಣೆ ಬೇಕಿಲ್ಲ.

ಪೊಲೀಸರ ಹಳದಿ ಕಬ್ಬಿಣದ ಬ್ಯಾರಿಕೇಡ್ ಇದೆಯಲ್ಲ, ಅದು ಸೂಚನೆ ಮಾತ್ರ. ಮರ್ಯಾದೆಯಿಂದ ನಿಲ್ಲುವ ಚಾಲಕನನ್ನು ನಿಲ್ಲಿಸುತ್ತದೆ. ಬ್ರೇಕ್ ಹೋದ ಲಾರಿಯನ್ನು, ಕುಡಿದವನ ಕಾರನ್ನು ಅದು ತಡೆಯುವುದಿಲ್ಲ. ಪ್ಲಾಸ್ಟಿಕ್ ತಡೆಗೋಡೆಗಳಲ್ಲಿ ನೀರು ತುಂಬಿಸಿದರೆ ಮಾತ್ರ ಭಾರ, ಖಾಲಿ ಇಟ್ಟರೆ ಗಾಳಿಗೂ ಸರಿಯುತ್ತವೆ. ದೊಡ್ಡ ಊರುಗಳಲ್ಲಿ ಮರಳು ತುಂಬಿದ ಲಾರಿಗಳನ್ನೇ ರಸ್ತೆಗೆ ಅಡ್ಡ ನಿಲ್ಲಿಸುತ್ತಾರೆ. ನ್ಯೂಯಾರ್ಕ್‌ನ ಮೆರವಣಿಗೆಗಳಲ್ಲಿ ಇದು ಮಾಮೂಲು. ನಮ್ಮಲ್ಲಿ ಜಲ್ಲಿ ತುಂಬಿದ ಟಿಪ್ಪರ್ ಅಥವಾ ಟ್ರ್ಯಾಕ್ಟರ್ ಟ್ರೇಲರ್ ಒಂದು ಸಂಜೆಗೆ ಬಾಡಿಗೆಗೆ ಸಿಗುತ್ತದೆ. ವೇಗವಾಗಿ ವಾಹನ ಬರಬಹುದಾದ ನೇರ ರಸ್ತೆಯ ಬಾಯಿಗೆ ಒಂದು ಸಾಕು. ಆದರೆ ಚಾಲಕ ಕೀಲಿ ಸಮೇತ ಸೀಟಿನಲ್ಲೇ ಇರಬೇಕು. ಗಾಡಿ ಅಡ್ಡ ನಿಲ್ಲಿಸಿ ಚಾಲಕ ಊಟಕ್ಕೆ ಹೋದರೆ ಫೈರ್ ಇಂಜಿನ್‌ಗೆ ನೀವೇ ಗೋಡೆ ಕಟ್ಟಿದ ಹಾಗೆ.

ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ 2025ರ ಮೇ 26ರಂದು ಫುಟ್‌ಬಾಲ್ ತಂಡದ ವಿಜಯೋತ್ಸವ ಇತ್ತು. ರಸ್ತೆಗೆ ತಡೆ ಹಾಕಿದ್ದರು. ಹೃದಯಾಘಾತ ಆದ ಒಬ್ಬರ ಹತ್ತಿರ ಹೋಗಲು ಆಂಬುಲೆನ್ಸ್‌ಗೆ ಅಂತ ತಡೆ ತೆಗೆದಾಗ ಅದರ ಹಿಂದೆಯೇ ಒಂದು ಕಾರು ಒಳಗೆ ಬಂತು ಅಂತ ಅಲ್ಲಿನ ಪೊಲೀಸರು ಹೇಳಿದರು. ನೂರಕ್ಕೂ ಹೆಚ್ಚು ಜನರಿಗೆ ಗಾಯವಾಯಿತು. ಹಣ ಇದೆ, ಅನುಭವ ಇದೆ, ಪೊಲೀಸರು ಇದ್ದಾರೆ, ಆದರೂ ತೆರೆದ ಆ ಒಂದು ಕ್ಷಣ ಸಾಕಾಯಿತು. ಇದರಿಂದ ನಾವು ತಗೊಳ್ಳಬೇಕಾದದ್ದು ಸ್ಪಷ್ಟ: ಆಂಬುಲೆನ್ಸ್ ದಾರಿ ಮತ್ತು ಜನ ನಡೆಯುವ ದಾರಿ ಒಂದೇ ಆಗಬಾರದು. ಮೈದಾನದ ಇನ್ನೊಂದು ಬದಿಯಿಂದ 4 ಮೀಟರ್ ಅಗಲದ ಒಂದು ದಾರಿಯನ್ನು ಮೊದಲಿನಿಂದ ಕೊನೆ ತನಕ ಖಾಲಿ ಇಡಿ. ಆ ಗೇಟು ತೆಗೆಯುವವರೊಬ್ಬರು, ತೆಗೆದ ತಕ್ಷಣ ಹಿಂದೆ ಅಡ್ಡ ನಿಲ್ಲುವವರೊಬ್ಬರು, ಹೀಗೆ ಇಬ್ಬರು ಬೇಕು. ಒಬ್ಬರಿಂದ ಆಗುವುದಿಲ್ಲ. ಹಾಸನದಲ್ಲಿ ಹಿಮ್ಸ್ ಆಸ್ಪತ್ರೆ ಊರೊಳಗೇ ಇದೆ, ಸುತ್ತಲ ತಾಲ್ಲೂಕುಗಳ ಆಂಬುಲೆನ್ಸ್ ಎಲ್ಲ ಅಲ್ಲಿಗೇ ಬರುತ್ತವೆ. ನೀವು ಮುಚ್ಚುವ ರಸ್ತೆ ಆ ದಾರಿಯಲ್ಲಿ ಇದೆಯಾ ಅಂತ ನಕ್ಷೆ ಹಿಡಿದು ನೋಡಿ, 108ರವರಿಗೂ ತಿಳಿಸಿ. ಆಂಬುಲೆನ್ಸ್‌ಗೆ ದಾರಿ ಬಿಡದಿದ್ದರೆ ಅದೇ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 194ಇ ಪ್ರಕಾರ 10,000 ರೂಪಾಯಿ ದಂಡ ಇದೆ, ಆದರೆ ದಾರಿಯೇ ಇಲ್ಲದ ಹಾಗೆ ಮಾಡಿಟ್ಟು ಚಾಲಕರಿಗೆ ದಂಡ ಹಾಕಿ ಏನು ಪ್ರಯೋಜನ?

ಪಾಸ್ ಪದ್ಧತಿ

ಚಿಕ್ಕಮಗಳೂರಿನವರಿಗೆ ಇದು ಹೊಸದಲ್ಲ. ಮುಳ್ಳಯ್ಯನಗಿರಿ, ದತ್ತಪೀಠದ ಕಡೆ ಹೋಗುವ ವಾಹನಕ್ಕೆ 2025ರ ಸೆಪ್ಟೆಂಬರ್‌ನಿಂದ ಆನ್‌ಲೈನ್ ಬುಕಿಂಗ್ ಬಂತು. ಬೆಳಿಗ್ಗೆ 600, ಮಧ್ಯಾಹ್ನದ ಮೇಲೆ 600 ಅಂತ ಮಿತಿ ಇಟ್ಟರು. ಬೆಟ್ಟಕ್ಕೆ ಅದು ಹೊಂದುತ್ತದೆ, ಯಾಕೆಂದರೆ ಪ್ರವಾಸಿಗರನ್ನು ದಿನದ ಉದ್ದಕ್ಕೂ ಹರಡಬಹುದು. ಬೆಟ್ಟ ಎಲ್ಲೂ ಹೋಗುವುದಿಲ್ಲ. ಫೈನಲ್ ಪಂದ್ಯವನ್ನು ಬೆಳಿಗ್ಗೆ ಅರ್ಧ ಜನಕ್ಕೆ, ಸಂಜೆ ಅರ್ಧ ಜನಕ್ಕೆ ತೋರಿಸಲು ಆಗುವುದಿಲ್ಲ ಅಲ್ವಾ?

ಆದ್ದರಿಂದ ಪಂದ್ಯದ ವಿಷಯದಲ್ಲಿ ಪಾಸ್ ಇರಬೇಕಾದ್ದು ಪ್ರೇಕ್ಷಕರಿಗೆ ಅಲ್ಲ, ಒಳಗೆ ಮನೆ ಇರುವವರಿಗೆ. ಲಿವರ್‌ಪೂಲಿನ ಆನ್‌ಫೀಲ್ಡ್, ಲಂಡನ್ನಿನ ವೆಂಬ್ಲಿ ಸುತ್ತ ಪಂದ್ಯದ ದಿನ ಅಲ್ಲಿಯ ನಿವಾಸಿಗಳ ಪರ್ಮಿಟ್ ಇರುವ ವಾಹನ ಮಾತ್ರ ಬೀದಿಯಲ್ಲಿ ನಿಲ್ಲಬಹುದು. ಪ್ಯಾರಿಸ್ 2024ರ ಒಲಿಂಪಿಕ್ಸ್‌ನಲ್ಲಿ ಕ್ರೀಡಾಂಗಣದ ಸುತ್ತ ಕೆಂಪು ವಲಯ ಅಂತ ಮಾಡಿ, ಕ್ಯೂಆರ್ ಕೋಡ್ ಇರುವ ವಾಹನ ಮಾತ್ರ ಒಳಗೆ ಬಿಟ್ಟರು. ನಮಗೆ ಅಷ್ಟೆಲ್ಲ ತಂತ್ರಜ್ಞಾನ ಬೇಡ. ಮುಚ್ಚುವ ಬೀದಿಯ ಮನೆಗಳಿಗೆ ಹಿಂದಿನ ವಾರವೇ ಹೋಗಿ ಗಾಡಿ ನಂಬರ್ ಬರೆದ ಬಣ್ಣದ ಚೀಟಿ ಕೊಟ್ಟರೆ ಸಾಕು. ಮನೆಯಲ್ಲಿ ಡಯಾಲಿಸಿಸ್‌ಗೆ ಹೋಗುವವರು, ಹೆರಿಗೆ ದಿನ ಹತ್ತಿರ ಇರುವವರು ಇದ್ದಾರಾ ಅಂತ ಅದೇ ಹೊತ್ತಿಗೆ ಕೇಳಬಹುದು. ಹಾಗೆ ಹೋಗಿ ಕೇಳಿದ ಬೀದಿಯಲ್ಲಿ ಜಗಳ ಆಗುವುದು ತೀರಾ ಕಡಿಮೆ, ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಪಾಸ್ ಪದ್ಧತಿಯನ್ನು ಹಾಳು ಮಾಡುವುದು ವಿಐಪಿ ಸ್ಟಿಕ್ಕರ್. ಅತಿಥಿಗಳಿಗೆ ಇಪ್ಪತ್ತು ಅಂತ ಶುರುವಾಗಿ, ಪ್ರಾಯೋಜಕರು, ಅವರ ಸ್ನೇಹಿತರು, ಕಮಿಟಿಯವರ ಭಾವಮೈದುನರು ಅಂತ ಇನ್ನೂರಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ಅವರೆಲ್ಲ ಬಹುಮಾನ ವಿತರಣೆ ಆದ ತಕ್ಷಣ, ಅಂದರೆ ಜನ ಎದ್ದು ಹೊರಡುವ ಅದೇ ನಿಮಿಷಕ್ಕೆ, ಕಾರು ತೆಗೆಯುತ್ತಾರೆ. ಅತಿಥಿಗಳನ್ನು ಬೇರೆ ಗೇಟಿನಲ್ಲಿ ಇಳಿಸಿ ಕಾರು ಹೊರಗೆ ಕಳಿಸಿ. ವೇದಿಕೆ ತನಕ ಐವತ್ತು ಹೆಜ್ಜೆ ಅವರೂ ನಡೆಯಲಿ. ಒಳಗೆ ಕಾರು ಬರಬೇಕಾದ ಹಕ್ಕು ನಡೆಯಲಾಗದವರಿಗೆ, ವೀಲ್‌ಚೇರ್‌ನವರಿಗೆ, ಆಟಗಾರರ ಬಸ್ಸಿಗೆ, ಆಂಬುಲೆನ್ಸ್‌ಗೆ ಇರಲಿ.

ಊರಾಚೆ ಪಾರ್ಕಿಂಗ್, ಒಳಗೆ ಬಸ್

ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋದವರಿಗೆ ಗೊತ್ತಿರುತ್ತದೆ. ಖಾಸಗಿ ವಾಹನ ಬಿಡುವುದಿಲ್ಲ, ಲಲಿತಮಹಲ್ ಹೆಲಿಪ್ಯಾಡ್ ಹತ್ತಿರ ನಿಲ್ಲಿಸಿ ಸಾರಿಗೆ ಬಸ್ಸಿನಲ್ಲಿ ಹೋಗಬೇಕು. ಲಂಡನ್ 2012ರ ಒಲಿಂಪಿಕ್ಸ್‌ನಲ್ಲಿ ಸಾಮಾನ್ಯ ಪ್ರೇಕ್ಷಕರಿಗೆ ಕ್ರೀಡಾಂಗಣದ ಹತ್ತಿರ ಪಾರ್ಕಿಂಗೇ ಇರಲಿಲ್ಲ, ಅಂಗವಿಕಲರಿಗೆ ಮಾತ್ರ ಇತ್ತು. ಬದಲಿಗೆ ಲಂಡನ್ನಿನ ಪಂದ್ಯಗಳ ಟಿಕೆಟ್ ಜೊತೆ ಆ ದಿನದ ರೈಲು ಬಸ್ಸಿನ ಪಾಸ್ ಕೊಟ್ಟರು. ಜರ್ಮನಿಯಲ್ಲಿ ಹಲವು ಫುಟ್‌ಬಾಲ್ ಕ್ಲಬ್ಬುಗಳ ಪಂದ್ಯದ ಟಿಕೆಟ್ಟೇ ಊರಿನ ಬಸ್ಸು ರೈಲಿನ ಟಿಕೆಟ್ಟೂ ಆಗುತ್ತದೆ.

ಕೇಳಲು ಇದೇ ಎಲ್ಲಕ್ಕಿಂತ ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ಬಸ್ಸಿನ ಲೆಕ್ಕ ಹಾಕಿದರೆ ನಮ್ಮ ಊರಿಗೆ ಅಷ್ಟು ಸುಲಭ ಅಲ್ಲ. ಒಂದು ಬಸ್ಸಿಗೆ 50 ಜನ, ಹೋಗಿ ಬರಲು 20 ನಿಮಿಷ ಅಂದರೆ ಗಂಟೆಗೆ ಮೂರು ಟ್ರಿಪ್, 150 ಜನ. ಗಂಟೆಗೆ 2,000 ಜನರನ್ನು ಸಾಗಿಸಲು 13–14 ಬಸ್ಸು ಬೇಕು. ಪಂದ್ಯ ಮುಗಿದ ಮೇಲೆ ಅವರು ಒಂದು ಗಂಟೆ ಕಾಯುವುದಿಲ್ಲ, ಅರ್ಧ ಗಂಟೆಯಲ್ಲಿ ಕಳಿಸಬೇಕು ಅಂದರೆ ಅದರ ಎರಡರಷ್ಟು. ಚಾಮುಂಡಿ ಬೆಟ್ಟದಲ್ಲಿ ಇದು ನಡೆಯುವುದು ಭಕ್ತರು ಬೆಳಗಿನ ಜಾವದಿಂದ ರಾತ್ರಿ ತನಕ ಹರಡಿಕೊಂಡು ಬಂದು ಹೋಗುವುದರಿಂದ. ಲಂಡನ್ನಿನಲ್ಲಿ ನಡೆದದ್ದು ರೈಲಿನಿಂದ.

ಹಾಗಾದರೆ ನಮಗೆ ಯಾವುದು? ಪಾರ್ಕಿಂಗ್ ಊರಾಚೆ ಬೇಡ, ನಡೆಯುವ ದೂರದಲ್ಲಿ ಇರಲಿ. ಒಂದು ಕಿಲೋಮೀಟರ್ ಅಂದರೆ ಹದಿನೈದು ನಿಮಿಷದ ನಡಿಗೆ. ಜಾತ್ರೆಗೆ ಅದಕ್ಕಿಂತ ದೂರ ನಡೆಯುವ ಜನ ನಾವು. ಪಾರ್ಕಿಂಗನ್ನು ಒಂದೇ ಕಡೆ ಇಡದೆ ಜನ ಬರುವ ದಿಕ್ಕಿಗೆ ತಕ್ಕಂತೆ ಇಡಿ. ಬೇಲೂರು ಕಡೆಯವರಿಗೆ ಆ ಬದಿಯಲ್ಲಿ, ಹೊಳೆನರಸೀಪುರ, ಅರಕಲಗೂಡು ಕಡೆಯವರಿಗೆ ಆ ದಾರಿಯಲ್ಲಿ, ಚನ್ನರಾಯಪಟ್ಟಣದ ಕಡೆಯವರಿಗೆ ಅಲ್ಲಿ. ಆಗ ಯಾರೂ ಊರಿನ ನಡುವೆ ಹಾಯಬೇಕಾಗಿಲ್ಲ, ಮುಗಿದ ಮೇಲೂ ಎಲ್ಲರೂ ಬೇರೆ ಬೇರೆ ದಿಕ್ಕಿಗೆ ಹರಿದು ಹೋಗುತ್ತಾರೆ. ವಯಸ್ಸಾದವರಿಗೆ, ಮಕ್ಕಳಿರುವವರಿಗೆ ಎರಡು ಮೂರು ಮಿನಿ ಬಸ್ಸು ಓಡಿಸಿದರೆ ಸಾಕು. ನಡೆಯುವ ದಾರಿಗೆ ಲೈಟು ಬೇಕು, ಚರಂಡಿಯ ಮೇಲಿನ ಕಲ್ಲು ಸರಿ ಇದೆಯಾ ನೋಡಬೇಕು. ಗ್ಯಾಲರಿಯಲ್ಲಿ ಹಗಲಿನಂಥ ಬೆಳಕು, ಹೊರಗೆ ಹತ್ತು ಹೆಜ್ಜೆ ಇಟ್ಟರೆ ಕಗ್ಗತ್ತಲು, ಹಾಗಾಗಬಾರದು.

ಇಲ್ಲಿ ಎಲ್ಲರೂ ಮರೆಯುವ ಒಂದು ವಿಷಯ ಇದೆ. ಎಷ್ಟು ವಾಹನ ಬರುತ್ತವೆ ಅನ್ನುವುದನ್ನು ಮುಕ್ಕಾಲು ಪಾಲು ನಿರ್ಧರಿಸುವುದು ನಿಮ್ಮ ಫೈನಲ್‌ನ ಸಮಯ. ರಾತ್ರಿ ಒಂದು ಗಂಟೆಗೆ ಫೈನಲ್ ಮುಗಿಸಿದರೆ ಹಳ್ಳಿಗಳಿಗೆ ಹೋಗುವ ಕೊನೆಯ ಬಸ್ಸು ಯಾವಾಗಲೋ ಹೋಗಿರುತ್ತದೆ. ಅದು ಗೊತ್ತಿದ್ದೇ ಜನ ಬೈಕು ತರುತ್ತಾರೆ, ಒಂದು ಬೈಕಿಗೆ ಮೂವರು. ಆ ಹೊತ್ತಿನಲ್ಲಿ ನಿದ್ದೆಗಣ್ಣಿನಲ್ಲಿ ಹೆದ್ದಾರಿ ಹಿಡಿಯುತ್ತಾರೆ. ಕೊನೆಯ ಬಸ್ಸಿಗೆ ಒಂದು ಗಂಟೆ ಮೊದಲು ಪಂದ್ಯ ಮುಗಿಯುವ ಹಾಗೆ ವೇಳಾಪಟ್ಟಿ ಮಾಡಿ. ತಂಡಗಳು ಜಾಸ್ತಿ ಇದ್ದರೆ ಲೀಗ್ ಪಂದ್ಯ ಹಗಲಲ್ಲೇ ಮುಗಿಸಿ, ಇಲ್ಲವೇ ಎರಡು ದಿನ ಮಾಡಿ. ಯಾವ ಬ್ಯಾರಿಕೇಡ್ ಮಾಡದ ಕೆಲಸವನ್ನು ಇದು ಮಾಡುತ್ತದೆ.

ಆಟೋದವರನ್ನೂ ಜೊತೆಗೆ ಸೇರಿಸಿಕೊಳ್ಳಿ. ಬಂದ್ ಮಾಡಿದ ಜಾಗದ ಹೊರಗೆ, ಜನ ನಡೆದು ಬರುವ ದಾರಿಯ ತುದಿಯಲ್ಲಿ ಅವರಿಗೆ ಒಂದು ಸಾಲು ಗುರುತು ಮಾಡಿ ಕೊಟ್ಟರೆ ಅವರೇ ಅದನ್ನು ಕಾಯುತ್ತಾರೆ. ಜಾಗ ಕೊಡದಿದ್ದರೆ ಗೇಟಿನ ಬಾಯಿಗೇ ಬರುತ್ತಾರೆ, ಬಾಡಿಗೆ ಅಲ್ಲೇ ಸಿಗುವಾಗ ಇನ್ನೇನು ಮಾಡಬೇಕು ಅವರು?

ಸಮ–ಬೆಸ ನಂಬರಿನ ಪದ್ಧತಿ, ಅಂದರೆ ಸಮ ಸಂಖ್ಯೆಯ ಗಾಡಿ ಒಂದು ದಿನ, ಬೆಸ ಸಂಖ್ಯೆಯದ್ದು ಮರುದಿನ ಬಿಡುವುದು, ಅದರ ಬಗ್ಗೆ ಕೆಲವರು ಕೇಳುತ್ತಾರೆ. ಬೀಜಿಂಗ್ 2008ರ ಒಲಿಂಪಿಕ್ಸ್ ಸಮಯದಲ್ಲಿ ಎರಡು ತಿಂಗಳು ಅದನ್ನು ಮಾಡಿತು, ಹೊಗೆ ಕಡಿಮೆ ಮಾಡಬೇಕು ಅನ್ನುವುದೂ ಅದರ ಉದ್ದೇಶವಾಗಿತ್ತು. ಒಂದು ಸಂಜೆಯ ಪಂದ್ಯಕ್ಕೆ ಅದು ಬೇಡವೇ ಬೇಡ.

ಓಟ, ರ‍್ಯಾಲಿ ಬೇರೆ ಲೆಕ್ಕ

ಮ್ಯಾರಥಾನ್ ಒಂದು ಜಾಗದಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಇಡೀ ಹಾದಿಯನ್ನು ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಮುಚ್ಚುವುದು ಸುಮ್ನೆ ಜನರ ಸಿಟ್ಟು ಕಟ್ಟಿಕೊಳ್ಳುವ ಕೆಲಸ. ಓಟ ಬರುವ ಮೊದಲು ಮುಚ್ಚಿ, ಕೊನೆಯ ಓಟಗಾರ ದಾಟಿದ ಮೇಲೆ ತೆರೆಯುತ್ತಾ ಹೋಗಬೇಕು. ಮುಂದಿನವರು ಕಿಲೋಮೀಟರಿಗೆ ಮೂರೂವರೆ ನಿಮಿಷ, ಕೊನೆಯವರು 9 ನಿಮಿಷ ತಗೊಂಡರೆ ಎರಡನೇ ಕಿಲೋಮೀಟರಿನ ಜಂಕ್ಷನ್ ಹನ್ನೊಂದು ನಿಮಿಷ ಮುಚ್ಚಿದರೆ ಸಾಕು, ಎಂಟನೇ ಕಿಲೋಮೀಟರಿನದ್ದು 44 ನಿಮಿಷ. ಆಚೆ ಈಚೆ ಹತ್ತು ಹತ್ತು ನಿಮಿಷ ಸೇರಿಸಿಕೊಳ್ಳಿ. ಇದರಿಂದ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಆಸ್ಪತ್ರೆ, ಬಸ್ ನಿಲ್ದಾಣದ ಹತ್ತಿರದ ಜಂಕ್ಷನ್‌ಗಳು ಓಟದ ಮೊದಲ ಭಾಗದಲ್ಲಿ ಬರುವ ಹಾಗೆ ಹಾದಿ ಮಾಡಿದರೆ ಅವು ಬೇಗ ತೆರೆಯುತ್ತವೆ. ಕೊನೆಯ ಓಟಗಾರನ ಹಿಂದೆ ಒಂದು ವಾಹನ ಇರಲೇಬೇಕು. ಅದು ದಾಟುವ ತನಕ ಯಾರೂ ಬ್ಯಾರಿಕೇಡ್ ಮುಟ್ಟಬಾರದು.

ಚಿಕ್ಕಮಗಳೂರಿನಲ್ಲಿ ಕಾರ್ ರ‍್ಯಾಲಿ ನೋಡಿದವರಿಗೆ ಇನ್ನೊಂದು ಮಾದರಿ ಗೊತ್ತಿರುತ್ತದೆ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಭಾರತದ ಸುತ್ತು ಅಲ್ಲಿಯ ಕಾಫಿ ತೋಟಗಳಲ್ಲಿ ನಡೆದಿದೆ. ವೇಗದ ಸ್ಪರ್ಧೆ ನಡೆಯುವ ಭಾಗಕ್ಕೆ ಬೇರೆ ವಾಹನವೇ ಬರುವ ಹಾಗಿಲ್ಲ. ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವಾಗ ರ‍್ಯಾಲಿ ಕಾರೂ ಎಲ್ಲರ ಹಾಗೆ ಸಾರ್ವಜನಿಕ ರಸ್ತೆಯಲ್ಲಿ ಸಂಚಾರ ನಿಯಮ ಪಾಲಿಸಿಕೊಂಡು ಹೋಗಬೇಕು. ತೋಟದ ರಸ್ತೆಗಳಿಗೆ ಗೇಟು ಇರುವುದರಿಂದ ಮುಚ್ಚುವುದು ಸುಲಭ. ಆದರೆ ಲೈನ್ ಮನೆಗಳವರು (ತೋಟದ ಕೆಲಸಗಾರರ ಸಾಲುಮನೆಯವರು), ಕಾಲುದಾರಿಯಲ್ಲಿ ಕೆಲಸಕ್ಕೆ ಬರುವವರು ಗೇಟಿನಿಂದ ಬರುವುದಿಲ್ಲ. ಅವರಿಗೆ ಹಿಂದಿನ ದಿನವೇ ಅವರ ಭಾಷೆಯಲ್ಲಿ ಹೇಳಬೇಕು. ತೋಟದಲ್ಲಿ ಕನ್ನಡ ಓದಲು ಬರದ ಕೆಲಸಗಾರರು ಈಗ ತುಂಬ ಇದ್ದಾರೆ, ಬೋರ್ಡು ನೆಟ್ಟರೆ ಆಗಲಿಲ್ಲ.

ಯಾವಾಗ ಯಾವುದು

ಸಾವಿರದ ಒಳಗೆ ಜನ, ಹಗಲು ಪಂದ್ಯ ಅಂದರೆ ನೋ ಪಾರ್ಕಿಂಗ್ ಮತ್ತು ಎರಡು ಪಾರ್ಕಿಂಗ್ ಜಾಗ ಸಾಕು. ಮೂರರಿಂದ ಐದು ಸಾವಿರ, ರಾತ್ರಿ ಪಂದ್ಯ ಅಂದರೆ ಗೇಟಿನ ಸುತ್ತ ಪೂರ್ತಿ ಬಂದ್, ನಿವಾಸಿಗಳಿಗೆ ಚೀಟಿ, ಕಿಲೋಮೀಟರ್ ದೂರದಲ್ಲಿ ದಿಕ್ಕಿಗೊಂದು ಪಾರ್ಕಿಂಗ್, ಲಾರಿಗಳಿಗೆ ಬೈಪಾಸ್‌ನಲ್ಲೇ ಡೈವರ್ಷನ್. ಹಾಸನದ ಮಟ್ಟಿಗೆ ನಾನು ಆರಿಸುವುದು ಇದನ್ನೇ. ಹತ್ತು ಸಾವಿರ ದಾಟುತ್ತದೆ ಅಂತ ಅನುಮಾನ ಇದ್ದರೆ ರಸ್ತೆ ಮುಚ್ಚುವ ಯೋಚನೆಗಿಂತ ಮೊದಲು ಮೈದಾನ ಬದಲಿಸುವ ಯೋಚನೆ ಮಾಡಿ, ಅಥವಾ ಟಿಕೆಟ್ ಇಟ್ಟು ಸಂಖ್ಯೆಗೆ ಮಿತಿ ಹಾಕಿ. ಉಚಿತ ಪ್ರವೇಶ ಅಂತ ಬ್ಯಾನರ್ ಹಾಕಿದ ಮೇಲೆ ಎಷ್ಟು ಜನ ಬರುತ್ತಾರೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಹಾಸನಾಂಬೆ ಬಾಗಿಲು ತೆಗೆದಿರುವ ದಿನಗಳಲ್ಲಿ, ಚಿಕ್ಕಮಗಳೂರಿನಲ್ಲಾದರೆ ದತ್ತ ಜಯಂತಿಯ ದಿನಗಳಲ್ಲಿ ದೊಡ್ಡ ಪಂದ್ಯ ಇಡಬೇಡಿ. ಬಂದೋಬಸ್ತಿಗೆ ಪೊಲೀಸರೂ ಸಿಗುವುದಿಲ್ಲ, ಬ್ಯಾರಿಕೇಡೂ ಸಿಗುವುದಿಲ್ಲ. ಬೇರೆ ದಿನಗಳಲ್ಲೂ ಸಂತೆ ಇದೆಯಾ, ಪರೀಕ್ಷೆ ಇದೆಯಾ, ಹತ್ತಿರದ ಕಲ್ಯಾಣ ಮಂಟಪದಲ್ಲಿ ಮದುವೆ ಇದೆಯಾ ಅಂತ ದಿನಾಂಕ ಪ್ರಕಟಿಸುವ ಮೊದಲೇ ಕೇಳಿಕೊಳ್ಳಿ. ಮದುವೆ ಮನೆಯವರು ಆರು ತಿಂಗಳ ಮೊದಲೇ ಮಂಟಪ ಬುಕ್ ಮಾಡಿರುತ್ತಾರೆ, ಅವರಿಗೆ ದಿನ ಬದಲಿಸಿ ಅಂತ ಹೇಳಲು ಆಗುವುದಿಲ್ಲ.

ಪಾಂಪ್ಲೆಟ್‌ನಲ್ಲಿ ನಾಲ್ಕು ಸಾಲು ಇದ್ದರೆ ಸಾಕು: ಯಾವ ರಸ್ತೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆ ತನಕ, ಗಾಡಿ ಎಲ್ಲಿ ನಿಲ್ಲಿಸಬೇಕು, ತುರ್ತು ಇದ್ದರೆ ಯಾರಿಗೆ ಫೋನ್ ಮಾಡಬೇಕು. ಆ ಫೋನ್ ನಂಬರ್ ಮೈಕ್ ಹಿಡಿದವರದ್ದು ಆಗಬಾರದು. ಮೈದಾನದ ಗದ್ದಲದಿಂದ ದೂರ ಕೂತು, ರಿಂಗ್ ಆದರೆ ಎತ್ತುವವರದ್ದು ಆಗಿರಲಿ. ತೆರೆಯುವ ಸಮಯವನ್ನು ಗಡಿಯಾರ ನೋಡಿ ಬರೆದಿದ್ದರೂ, ರಸ್ತೆಯಲ್ಲಿ ಜನ ಇರುವ ತನಕ ತೆರೆಯುವುದಿಲ್ಲ ಅಂತ ಒಂದು ಸಾಲು ಅದರಲ್ಲೇ ಸೇರಿಸಿ. ಪಂದ್ಯ ಟೈ ಆಗಿ ಅರ್ಧ ಗಂಟೆ ಜಾಸ್ತಿ ಎಳೆದರೆ ಬ್ಯಾರಿಕೇಡ್ ಹತ್ತಿರ ನಿಂತವರಿಗೆ ಮೈದಾನದ ಒಳಗಿನಿಂದ ಯಾರು ಸುದ್ದಿ ಕೊಡುತ್ತಾರೆ ಅಂತಲೂ ಹಿಂದಿನ ದಿನವೇ ಹೆಸರು ಹಿಡಿದು ಗೊತ್ತು ಮಾಡಿ.